ಹೆಲ್ಪ್‌ಮೇಟ್‌ನಲ್ಲಿ ಗ್ರಿಮ್‌ಶಾ: ದಾರಿ ಮುಚ್ಚುವ ಅಗತ್ಯವೇನು?

ಹೆಲ್ಪ್‌ಮೇಟ್‌ನಲ್ಲಿ, ಅಂದರೆ ಕಪ್ಪು ರಾಜನಿಗೆ ಚೆಕ್‌ಮೇಟ್ ಆಗುವಂತೆ ಎರಡೂ ಕಡೆಯವರು ಸೇರಿ ಆಡುವ ಚೆಸ್ ಸಮಸ್ಯೆಯಲ್ಲಿ, ಕಪ್ಪು ತಾನೇ ಸಹಕರಿಸುವಾಗ ಅದರ ಕಾಯಿಗಳ ದಾರಿಯನ್ನು ಏಕೆ ಮುಚ್ಚಬೇಕು ಎಂದು ತಾವು ಕೇಳಿದ್ದೀರಿ. ಸಹಕಾರ ನಡೆಗಳಲ್ಲಿ ಮಾತ್ರ ಇರುತ್ತದೆ. ಚೆಕ್ ಕೊಟ್ಟ ಕಾಯಿಯನ್ನು ಕಪ್ಪು ಹೊಡೆಯಬಲ್ಲದಾದರೆ ಅದು ಚೆಕ್‌ಮೇಟ್ ಆಗುವುದೇ ಇಲ್ಲ.

ಕಪ್ಪು ರಾಜ ಇ4ರಲ್ಲಿ, ಆನೆ ಡಿ8ರಲ್ಲಿ, ಒಂಟೆ ಎ7ರಲ್ಲಿ ಇವೆ ಎನ್ನೋಣ. ಬಿಳಿಯ ಕುದುರೆ ಚೆಕ್ ಕೊಡಲು ಡಿ2ಕ್ಕೆ ಬಂದರೆ ಆನೆಯೂ, ಎಫ್2ಕ್ಕೆ ಬಂದರೆ ಒಂಟೆಯೂ ಅದನ್ನು ಹೊಡೆಯುತ್ತವೆ. ಇವೆರಡರ ದಾರಿಗಳು ಡಿ4ರಲ್ಲಿ ಕೂಡುತ್ತವೆ. ಒಂಟೆ ಅಲ್ಲಿ ನಿಂತರೆ ಆನೆಗೆ ಡಿ2 ತಪ್ಪುತ್ತದೆ, ಆನೆ ನಿಂತರೆ ಒಂಟೆಗೆ ಎಫ್2 ತಪ್ಪುತ್ತದೆ. ಚೆಸ್ ಸಮಸ್ಯೆಗಳ ರಚನಕಾರ ವಾಲ್ಟರ್ ಗ್ರಿಮ್‌ಶಾ 1850ರಲ್ಲಿ ತೋರಿಸಿದ, ಅವರ ಹೆಸರಿನಿಂದಲೇ ಗ್ರಿಮ್‌ಶಾ ಎನಿಸಿಕೊಂಡ ಪರಸ್ಪರ ತಡೆ ಇದೇ.

ಆನೆ ಡಿ ಸಾಲನ್ನೇ ಬಿಟ್ಟು ಹೋದರೆ ಸಾಲದೇ ಎಂದು ಇಲ್ಲಿ ಕಾಸರಗೋಡಿನಲ್ಲಿ ನನ್ನ ಬಳಿ ಆಟ ಕಲಿಯುವ ಮಕ್ಕಳೂ ಕೇಳುತ್ತಾರೆ, ಮತ್ತು ರಚನೆಯ ನಿಜವಾದ ಕಷ್ಟ ಇರುವುದು ಈ ಪ್ರಶ್ನೆಯಲ್ಲೇ. ಡಿ4 ರಾಜನ ಪಕ್ಕದ ಮನೆಯಾದ್ದರಿಂದ, ಬಿಳಿ ಅದನ್ನು ಕಾಯದಿದ್ದರೆ ರಾಜ ಅಲ್ಲಿಗೆ ತಪ್ಪಿಸಿಕೊಳ್ಳದಂತೆ ಯಾವುದಾದರೂ ಕಪ್ಪು ಕಾಯಿ ಅಲ್ಲಿ ನಿಲ್ಲಲೇಬೇಕು; ಆಗ ನಿಲ್ಲುವ ಕಾಯಿ ಯಾವುದೆಂಬುದೇ ಕುದುರೆ ಬರಬೇಕಾದ ಮನೆಯನ್ನು ನಿರ್ಧರಿಸುತ್ತದೆ. ತಮ್ಮ ರಚನೆಗೆ ಇಂತಹ ಎರಡನೆಯ ಕಾರಣವನ್ನು ದಯವಿಟ್ಟು ಸೇರಿಸಿ; ಅದಿಲ್ಲದಿದ್ದರೆ ಉದ್ದೇಶಿಸದ ಪರಿಹಾರಗಳು ನುಸುಳುತ್ತವೆ.