ಮ್ಯಾನೇಜರಿಗಿಂತ ನನಗೇ ಯಾಕೆ ಒತ್ತಡ ಜಾಸ್ತಿ?

"ದೊಡ್ಡ ಜವಾಬ್ದಾರಿ ಏನೂ ಇಲ್ಲ, ಬರೀ ಕಾಲ್ ಸೆಂಟರ್ ಕೆಲಸ, ಆದರೂ ನನಗೇ ಯಾಕೆ ಇಷ್ಟು ಸುಸ್ತು, ಎದೆ ಬಿಗಿತ" ಅಂತ ಕೇಳಿದ್ದೀರಿ. ಇದು ಸೋಮಾರಿತನ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಸುಮಾರು 18,000 ಗಂಡಸರು. ದೊಡ್ಡ ಅಧಿಕಾರಿಗಳಿಗೇ ಹೃದಯಾಘಾತ ಜಾಸ್ತಿ ಅಂತ ಜನ ಅಂದುಕೊಂಡಿದ್ದರು, ಆದರೆ ಸಿಕ್ಕಿದ್ದು ಉಲ್ಟಾ: ತೀರಾ ಕೆಳಗಿನ ದರ್ಜೆಯ ಜವಾನರು, ಬಾಗಿಲು ಕಾಯುವವರು ಹೃದ್ರೋಗದಿಂದ ಸಾಯುವ ಪ್ರಮಾಣ ತೀರಾ ಮೇಲಿನವರಿಗಿಂತ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ಜನರ ಮೇಲೆ ಮತ್ತೆ ಶುರುಮಾಡಿದರು. ಆಗ ಎದ್ದು ಕಂಡ ಒಂದು ಸಂಗತಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಹೃದ್ರೋಗ ಜಾಸ್ತಿ.

ನಾನೂ ಮೂರು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತವನು. ಬಾತ್‌ರೂಮಿಗೆ ಎದ್ದರೂ ಸ್ಕ್ರೀನಿನ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಲೇ ಇರುತ್ತವೆ, ಅಲ್ವಾ? ಟೀಮ್ ಲೀಡರ್ ಹತ್ತಿರ ಕೆಲಸ ಕಡಿಮೆ ಮಾಡಿ ಅಂತ ಕೇಳುವ ಬದಲು, ಬ್ರೇಕು, ಶಿಫ್ಟು ನಾವು ನಾವೇ ಹೊಂದಿಸಿಕೊಳ್ಳುತ್ತೇವೆ ಅಂತ ನಾಲ್ಕು ಜನ ಸೇರಿ ಕೇಳಿ. ಎದೆ ಬಿಗಿತ ಮಾತ್ರ ಸುಮ್ನೆ ಬಿಡಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ.