ಮೂರು ಕ್ರೆಡಿಟ್ ಕಾರ್ಡ್ (ಒಟ್ಟು ಲಿಮಿಟ್ 2 ಲಕ್ಷ, ತಿಂಗಳ ಖರ್ಚು 40 ಸಾವಿರ), ಬೈಕ್ ಸಾಲ, ಮೊಬೈಲ್ ಇಎಂಐ ಇವೆ. ಮನೆಸಾಲಕ್ಕೆ ಮುಂಚೆ ಎರಡು ಕಾರ್ಡ್ ಮುಚ್ಚಿದರೆ ಸಿಬಿಲ್ ಸ್ಕೋರ್ ಏರುತ್ತದೆಯೇ?

ಈಗ ಮುಚ್ಚಬೇಡಿ. ಸಿಬಿಲ್ ಸ್ಕೋರ್ ಎಂದರೆ ಸಾಲವನ್ನು ಹೇಗೆ ಬಳಸಿ ಹೇಗೆ ಕಟ್ಟುತ್ತೀರಿ ಎಂಬುದಕ್ಕೆ ಸಿಗುವ ಅಂಕ, ಕಾರ್ಡ್ ಮುಚ್ಚಿದರೆ ಅದು ಏರುವ ಬದಲು ಇಳಿಯಬಹುದು. ಮನೆಸಾಲ ಕೈಗೆ ಬರುವವರೆಗಂತೂ ಬೇಡವೇ ಬೇಡ.

ನೀವು ಕೊಟ್ಟ ಲೆಕ್ಕವನ್ನೇ ನೋಡಿ. ಮೂರೂ ಕಾರ್ಡ್ ಸೇರಿ ಲಿಮಿಟ್ 2 ಲಕ್ಷ, ತಿಂಗಳ ಖರ್ಚು 40 ಸಾವಿರ. ಅಂದರೆ ಬಳಕೆ ಶೇ. 20. ಎರಡನ್ನು ಮುಚ್ಚಿ 50 ಸಾವಿರದ ಕಾರ್ಡೊಂದನ್ನೇ ಉಳಿಸಿಕೊಂಡರೆ ಅದೇ ಖರ್ಚು ಶೇ. 80 ಆಗುತ್ತದೆ. ಒಂದು ರೂಪಾಯಿ ಹೆಚ್ಚು ಸಾಲ ಮಾಡದಿದ್ದರೂ ಬ್ಯಾಂಕಿನ ಕಣ್ಣಿಗೆ ನೀವು ಸಾಲದಲ್ಲೇ ತಿಂಗಳು ದೂಡುವವರಂತೆ ಕಾಣುತ್ತೀರಿ. ಬಳಕೆ ಶೇ. 30ರ ಒಳಗಿರಲಿ ಎಂದು ಎಲ್ಲರೂ ಹೇಳುವುದು ಇದಕ್ಕೇ.

ಖಾತೆ ಹೆಚ್ಚಿದ್ದರೆ ನಿಜವಾದ ಭಯ ಮರೆವಿನದು. ನನ್ನ ಬಳಿ ಒಂದು ಕಾರ್ಡ್ ಇತ್ತು, ಉಜ್ಜಿದ್ದೇ ಇಲ್ಲ, ಬೀರುವಿನಲ್ಲಿ ಬಿದ್ದಿತ್ತು. ಅದಕ್ಕೆ ವಾರ್ಷಿಕ ಶುಲ್ಕ 500, ಜಿಎಸ್‌ಟಿ ಸೇರಿ 590 ರೂಪಾಯಿ ಬಿತ್ತು. ಮೆಸೇಜ್ ಹೋಗಿದ್ದು ನನ್ನ ಹಳೆಯ ನಂಬರಿಗೆ. ಕಾರು ಸಾಲಕ್ಕೆ ಹೋದಾಗ ಬ್ಯಾಂಕ್ ಮ್ಯಾನೇಜರ್ ನನ್ನ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟ್ ತಿರುಗಿಸಿ ತೋರಿಸಿದರು. ತಿಂಗಳಿಗೊಂದು ಚೌಕ, ಸಾಲಾಗಿ 000, 000, 000, ಆಮೇಲೆ 030, 060. ಬಾಕಿ ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ ಅದು. ವರ್ಷಗಟ್ಟಲೆ ತಪ್ಪದೆ ಕಂತು ಕಟ್ಟಿದವನಿಗೆ 590 ರೂಪಾಯಿ ಆ ಗತಿ ತಂದಿತ್ತು. ಹೊಟ್ಟೆ ಉರಿದುಹೋಯಿತು.

ಇನ್ನೊಂದು ಮಾತು. ನಾವು ಎರಡು ಎಂದುಕೊಂಡ ಕಡೆ ರಿಪೋರ್ಟಿನಲ್ಲಿ ಆರು ಖಾತೆ ಇರಬಹುದು. ಆ್ಯಪ್‌ನಲ್ಲಿ ಪಡೆದ ಸಣ್ಣ ಸಾಲ, ಅಡವಿಟ್ಟ ಚಿನ್ನದ ಸಾಲ, ತಮ್ಮನ ಸಾಲಕ್ಕೆ ಹಾಕಿದ ಜಾಮೀನು, ಎಲ್ಲವೂ ಅಲ್ಲಿರುತ್ತವೆ. ಹಾಗಾಗಿ ಮೊದಲು ರಿಪೋರ್ಟ್ ತೆಗೆದು ನೋಡಿ. ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಇಳಿಯುವುದು ಒಂದೇ ತಿಂಗಳಲ್ಲಿ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಿದಾಗ. ತಪ್ಪು ಕಂಡರೆ ದೂರು ಕೊಡಿ, 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಎಂದು ಆರ್‌ಬಿಐ ನಿಯಮವೇ ಇದೆ.

ಮೊಬೈಲ್ ಇಎಂಐ ಮುಗಿಸಲು ದುಡ್ಡಿದ್ದರೆ ಮುಗಿಸಿಬಿಡಿ, ತಿಂಗಳ ಕಂತು ಕಡಿಮೆಯಾದಷ್ಟೂ ಮನೆಸಾಲ ಹೆಚ್ಚು ಸಿಗುತ್ತದೆ. ಶುಲ್ಕವಿಲ್ಲದ ಹಳೆಯ ಕಾರ್ಡ್ ಇರಲಿ. ಶುಲ್ಕ ಕೀಳುವ ಕಾರ್ಡನ್ನು ಸಾಲ ಸಿಕ್ಕಮೇಲೆ ಪೈಸೆ ಬಾಕಿಯಿಲ್ಲದಂತೆ ಕಟ್ಟಿ ಮುಚ್ಚಿಸಿ, ಬಾಕಿಯಿಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಎರಡು ತಿಂಗಳು ಬಿಟ್ಟು ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಎಂದು ಬಂದಿದೆಯೇ ನೋಡಿ. ‘ಸೆಟಲ್ಡ್’, ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು, ಎಂದಿದ್ದರೆ ಪತ್ರ ಹಿಡಿದು ಅದೇ ದಿನ ಬ್ಯಾಂಕಿಗೆ ಹೋಗಿ.