ಚಳಿಗಾಲದ ಹಣ್ಣಿನ ಸಲಾಡ್: ತಳದಲ್ಲಿ ನೀರು ನಿಲ್ಲುವುದು ಯಾಕೆ?

ಪ್ರಶ್ನೆ: ಸೇಬು, ಪಿಯರ್, ಕಿತ್ತಳೆ, ದಾಳಿಂಬೆ ಹಾಕಿ ಸಲಾಡ್ ಮಾಡುತ್ತೇನೆ. ಮೇಲೆ ಕಿತ್ತಳೆ ರಸ, ಎರಡು ಚಮಚ ಸಕ್ಕರೆ ಹಾಕಿ ಕಲಸಿಡುತ್ತೇನೆ. ಊಟಕ್ಕೆ ಕೂರುವ ಹೊತ್ತಿಗೆ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ. ಸೇಬು ಕಂದಾಗಿರುತ್ತದೆ. ಯಾವ ಹಣ್ಣು ತಿಂದರೂ ಒಂದೇ ರುಚಿ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಹಣ್ಣುಗಳ ಆಯ್ಕೆ ಚೆನ್ನಾಗಿದೆ, ಅದನ್ನು ಬದಲಿಸಬೇಡಿ. ಎಡವಟ್ಟಾಗುತ್ತಿರುವುದು ಸಕ್ಕರೆಯಿಂದ, ಮತ್ತೆ ಯಾವುದನ್ನು ಯಾವಾಗ ಹಾಕುತ್ತೀರಿ ಅನ್ನುವುದರಿಂದ.

ಮೊದಲು ನೀರಿನ ವಿಷಯ. ಹಣ್ಣನ್ನು ಹೆಚ್ಚಿದಾಗ ಹೋಳಿನ ಮೈ ತೆರೆದುಕೊಳ್ಳುತ್ತದೆ. ಅದರ ಮೇಲೆ ಸಕ್ಕರೆ ಬಿದ್ದರೆ, ಒಳಗಿರುವ ನೀರನ್ನು ಅದು ಹೊರಗೆ ಎಳೆಯುತ್ತದೆ. ಉಪ್ಪು ಸವರಿದ ಸೌತೆಕಾಯಿ ಹೋಳು ನೀರು ಬಿಡುತ್ತದಲ್ವಾ, ಹಾಗೆಯೇ. ಹೊರಗೆ ಬಂದ ಆ ನೀರಿನಲ್ಲಿ ಹಣ್ಣಿನ ಸಿಹಿಯೂ ಪರಿಮಳವೂ ಕರಗಿ ಹೋಗುತ್ತವೆ. ಉಳಿದ ಹೋಳು ಮೆತ್ತಗಾಗುತ್ತದೆ, ಎಲ್ಲವೂ ಒಂದೇ ನೀರಿನಲ್ಲಿ ನೆನೆದು ಒಂದೇ ರುಚಿಗೆ ಬರುತ್ತವೆ. ನೀರು ನಿಲ್ಲುವುದು, ಒಂದೇ ರುಚಿ ಬರುವುದು, ಈ ಎರಡು ದೂರುಗಳಿಗೂ ಕಾರಣ ಇದೊಂದೇ. ಸಕ್ಕರೆ ಬಿಟ್ಟುಬಿಡಿ. ಒಂದಿಷ್ಟು ಸಿಹಿ ಬೇಕೇ ಬೇಕು ಅಂದರೆ ಡ್ರೆಸ್ಸಿಂಗ್‌ನಲ್ಲಿ, ಅಂದರೆ ಹಣ್ಣಿಗೆ ಕಲಸುವ ರಸದಲ್ಲಿ, ಸ್ವಲ್ಪ ಜೇನುತುಪ್ಪ ಸಾಕು. ಅದನ್ನೂ ಬಡಿಸುವ ಹತ್ತು ನಿಮಿಷ ಮೊದಲಷ್ಟೇ ಹಾಕಿ.

ಇನ್ನು ಸೇಬು ಕಂದಾಗುವುದು. ಸೇಬನ್ನು ಕೊಯ್ದ ಕೂಡಲೇ ಅದರಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿಯ ಆಮ್ಲಜನಕ ಸಿಗುತ್ತದೆ. ಆಗ ಕಂದು ಬಣ್ಣ ಹುಟ್ಟುತ್ತದೆ. ಪಿಯರ್‌ನಲ್ಲೂ ಬಾಳೆಹಣ್ಣಿನಲ್ಲೂ ಇದೇ ಕಥೆ. ಹುಳಿ ಜಾಸ್ತಿ ಇದ್ದರೆ ಈ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ, ಕಂದು ಬಣ್ಣ ಗಟ್ಟಿಯಾಗುವ ಮೊದಲೇ ಆ ಬದಲಾವಣೆಯನ್ನು ಅದು ಹಿಂದಕ್ಕೆ ತಿರುಗಿಸುತ್ತದೆ. ಕಿತ್ತಳೆ ರಸದಲ್ಲಿ ವಿಟಮಿನ್ ಸಿ ಇದೆ, ಆದರೆ ಹುಳಿ ಸಾಲದು. ಅದರ ಪಿಎಚ್ ಸುಮಾರು 3.5ರಿಂದ 4. ನಿಂಬೆ ರಸದ್ದು 2ರಿಂದ 2.6. ಅಂಕಿ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಹಾಗಾಗಿ ಬರೀ ಕಿತ್ತಳೆ ರಸ ಹಾಕಿದರೆ ಸ್ವಲ್ಪ ಹೊತ್ತು ತಡೆದೀತು, ಆಮೇಲೆ ಕೈಬಿಡುತ್ತದೆ. ಸೇಬಿಗೆ ನಿಂಬೆಯೇ ಬೇಕು.

ಹೀಗೆ ಮಾಡಿ. ಅಗಲವಾದ ಬಟ್ಟಲಿನಲ್ಲಿ ಒಂದು ದೊಡ್ಡ ಚಮಚ ನಿಂಬೆ ರಸ ಮೊದಲೇ ಹಾಕಿಟ್ಟುಕೊಳ್ಳಿ. ಎರಡು ಸೇಬಿಗೆ ಅಷ್ಟು ಸಾಕು. ಹೆಚ್ಚಿದ ಹೋಳು ನೇರವಾಗಿ ಅದರೊಳಗೇ ಬೀಳಲಿ. ಎಲ್ಲ ಹೆಚ್ಚಿ ಮುಗಿಸಿ ಆಮೇಲೆ ಮೇಲಿನಿಂದ ಹಿಂಡಿದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಾಲ್ಕೈದು ಹೋಳು ಬಿದ್ದ ಹಾಗೆಲ್ಲ ಕೈಯಿಂದ ಒಮ್ಮೆ ಹೊರಳಿಸಿ, ರಸ ಎಲ್ಲ ಮುಖಕ್ಕೂ ತಾಗಬೇಕು. ಕೆಲವರು ಸೇಬನ್ನು ನಿಂಬೆ ಬೆರೆಸಿದ ನೀರಿನಲ್ಲಿ ಮುಳುಗಿಸಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬಣ್ಣ ಉಳಿಯುತ್ತದೆ ನಿಜ, ಆದರೆ ರುಚಿ ನೀರುಪಾಲಾಗುತ್ತದೆ. ಸಲಾಡ್‌ಗೆ ಮತ್ತೆ ನೀರು ಸೇರುತ್ತದೆ ಬೇರೆ.

ಪಿಯರ್ ಬಗ್ಗೆಯೂ ಒಂದು ಮಾತು. ಅದು ಒಳಗಿನಿಂದ ಹೊರಗೆ ಹಣ್ಣಾಗುತ್ತದೆ. ಹೊಟ್ಟೆಯ ಭಾಗ ಮೆತ್ತಗಾಗುವ ತನಕ ಕಾದರೆ ತಿರುಳು ಅಷ್ಟರಲ್ಲಿ ಕೊಳೆಯತೊಡಗಿರುತ್ತದೆ. ತೊಟ್ಟಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿ ನೋಡಿ, ಅಲ್ಲಿ ಸ್ವಲ್ಪ ಬಗ್ಗಿದರೆ ಸಲಾಡ್‌ಗೆ ಸರಿ.

ಪ್ರಶ್ನೆ: ಡ್ರೆಸ್ಸಿಂಗ್‌ಗೆ ನಿಮ್ಮ ಅಳತೆ ಏನು? ನನ್ನದರಲ್ಲಿ ಜೇನು ತಳದಲ್ಲೇ ಉಂಡೆಯಾಗಿ ಕೂರುತ್ತದೆ, ರಸ ಮೇಲೆ ತೇಲುತ್ತದೆ.

ಉತ್ತರ: ಆರು ಕಪ್ ಹಣ್ಣಿಗೆ ಒಂದು ಕಿತ್ತಳೆಯ ಸಿಪ್ಪೆಯ ತುರಿ, ಒಂದು ದೊಡ್ಡ ಚಮಚ ಜೇನು, ಎರಡು ದೊಡ್ಡ ಚಮಚ ಕಿತ್ತಳೆ ರಸ, ಒಂದು ದೊಡ್ಡ ಚಮಚ ನಿಂಬೆ ರಸ, ಒಂದು ಚಿಟಿಕೆ ಉಪ್ಪು. ದೊಡ್ಡ ಚಮಚ ಅಂದರೆ 15 ಮಿಲಿಲೀಟರ್. ಸೇಬಿಗೆ ಮೊದಲೇ ನಿಂಬೆ ಹಾಕಿದ್ದರೆ ಇಲ್ಲಿ ಅರ್ಧ ಕಡಿಮೆ ಮಾಡಿ. ನೋಡಲು ಇದು ತೀರಾ ಸ್ವಲ್ಪ ಅನ್ನಿಸುತ್ತದೆ. ಅಷ್ಟೇ ಇರಬೇಕು. ಡ್ರೆಸ್ಸಿಂಗ್ ಹಣ್ಣಿನ ಮೈಗೆ ತೆಳುವಾಗಿ ಹತ್ತಿಕೊಳ್ಳಲಿ ಅಷ್ಟೇ, ಹಣ್ಣು ಅದರಲ್ಲಿ ಈಜಬಾರದು.

ಜೇನು ಕರಗದಿರುವುದು ನೀವು ತಣ್ಣನೆಯ ರಸಕ್ಕೆ ಜೇನು ಸುರಿಯುವುದರಿಂದ. ಕ್ರಮ ತಿರುಗಿಸಿ. ಮೊದಲು ಜೇನು, ತುರಿ, ಉಪ್ಪು ಮೂರನ್ನೂ ಬಟ್ಟಲಿನಲ್ಲಿ ಹಾಕಿ ಚಮಚದ ಬೆನ್ನಿನಿಂದ ಚೆನ್ನಾಗಿ ತಿಕ್ಕಿ. ಕಿತ್ತಳೆಯ ಘಮವೆಲ್ಲ ಇರುವುದು ಸಿಪ್ಪೆಯ ಮೇಲ್ಪದರದ ಎಣ್ಣೆಯಲ್ಲಿ. ತಿಕ್ಕಿದಾಗ ಆ ಎಣ್ಣೆ ಜೇನಿಗೆ ಇಳಿಯುತ್ತದೆ. ಆಮೇಲೆ ಒಂದೊಂದೇ ಚಮಚ ರಸ ಹಾಕುತ್ತಾ ಕಲಸಿ. ರಸ ಫ್ರಿಜ್‌ನಿಂದ ತೆಗೆದದ್ದಾಗಿರದೆ ಕೋಣೆಯ ಬಿಸಿಗೆ ಬಂದಿರಲಿ.

ತುರಿಯುವಾಗ ಬಣ್ಣದ ಪದರ ಮಾತ್ರ ಬರಬೇಕು. ಬಿಳಿ ಕಂಡ ಕೂಡಲೇ ಹಣ್ಣನ್ನು ತಿರುಗಿಸಿ, ಆ ಬಿಳಿ ಕಹಿ. ಕಿತ್ತಳೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿಕೊಳ್ಳಿ, ಮಾರಾಟಕ್ಕೆ ಬರುವ ಹಣ್ಣಿಗೆ ಹಲವು ಸಲ ಮೇಣ ಸವರಿರುತ್ತಾರೆ. ಮತ್ತೆ, ಮೊದಲು ತುರಿದು ಆಮೇಲೆ ಹಿಂಡಿ. ಹಿಂಡಿ ಜೋತುಬಿದ್ದ ಸಿಪ್ಪೆಯನ್ನು ತುರಿಯಲು ಹೋದರೆ ತುರಿಮಣೆಗೆ ಬೆರಳೇ ಆಹಾರ.

ಚಿಟಿಕೆ ಉಪ್ಪು ಕಂಡು ಹುಬ್ಬೇರಿಸಬೇಡಿ. ಅದು ಉಪ್ಪು ರುಚಿಗಲ್ಲ. ಕಹಿಯನ್ನು ತಗ್ಗಿಸಿ ಸಿಹಿಯನ್ನು ಮುಂದೆ ತರುತ್ತದೆ.

ಕಿತ್ತಳೆ ಸಪ್ಪೆ ಇದ್ದರೆ ಇನ್ನೊಂದು ದಾರಿ ಇದೆ. ಅರ್ಧ ಕಪ್ ರಸವನ್ನು ಸಣ್ಣ ಉರಿಯಲ್ಲಿಟ್ಟು ಎರಡು ದೊಡ್ಡ ಚಮಚ ಆಗುವ ತನಕ ಬತ್ತಿಸಿ, ಪೂರ್ತಿ ಆರಿಸಿ. ಗಟ್ಟಿಯಾಗಿ ಹಣ್ಣಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಜೇನೂ ಕಮ್ಮಿ ಸಾಕು. ಕುದಿಸಿದಾಗ ತಾಜಾ ಘಮ ಹೋಗಿರುತ್ತದೆ, ಅದಕ್ಕೆ ತುರಿಯನ್ನು ಆರಿದ ಮೇಲೆಯೇ ಹಾಕಬೇಕು. ಶುಂಠಿ ರಸ ಅರ್ಧ ಸಣ್ಣ ಚಮಚ ಸೇರಿಸಿದರೆ ಚಳಿಗೆ ಹಿತ. ದಾಲ್ಚಿನ್ನಿ ಪುಡಿಯನ್ನು ಹಲವರು ಹಾಕುತ್ತಾರೆ. ನಾನು ಹಾಕುವುದಿಲ್ಲ, ಅದು ಒದ್ದೆ ಹಣ್ಣಿನ ಮೇಲೆ ಕೆಸರು ಕೆಸರಾಗಿ ಕಾಣುತ್ತದೆ.

ಪ್ರಶ್ನೆ: ಕಿತ್ತಳೆ ತೊಳೆಗಳ ಮೇಲಿನ ತೆಳು ಪೊರೆ ಬಾಯಿಗೆ ಸಿಗುತ್ತದೆ. ಕೈಯಲ್ಲಿ ಬಿಡಿಸಲು ಹೋದರೆ ತೊಳೆ ಮುದ್ದೆಯಾಗುತ್ತದೆ.

ಉತ್ತರ: ಕೈ ಬೇಡ, ಚಾಕು ತೆಗೆದುಕೊಳ್ಳಿ. ಚೂಪಾಗಿರಲಿ, ಮೊಂಡು ಚಾಕು ಹಣ್ಣನ್ನು ಕೊಯ್ಯುವ ಬದಲು ಅಮುಕುತ್ತದೆ. ಹಣ್ಣಿನ ಮೇಲೆ, ಕೆಳಗೆ ಒಂದೊಂದು ಬಿಲ್ಲೆಯಷ್ಟು ಕತ್ತರಿಸಿ, ಒಳಗಿನ ತೊಳೆ ಕಾಣಬೇಕು. ಮಣೆಯ ಮೇಲೆ ನೆಟ್ಟಗೆ ಕೂರಿಸಿ. ಚಾಕುವನ್ನು ಹಣ್ಣಿನ ಉಬ್ಬಿನ ಜೊತೆಗೇ ಬಾಗಿಸುತ್ತಾ ಮೇಲಿನಿಂದ ಕೆಳಕ್ಕೆ ಇಳಿಸಿದರೆ ಸಿಪ್ಪೆ, ಬಿಳಿ ಪದರ, ಹೊರಪೊರೆ ಎಲ್ಲವೂ ಪಟ್ಟಿ ಪಟ್ಟಿಯಾಗಿ ಬರುತ್ತವೆ. ಈಗ ತೊಳೆಗಳ ನಡುವಿನ ಬಿಳಿ ಗೆರೆಗಳು ಕಾಣುತ್ತವಲ್ವಾ? ಹಣ್ಣನ್ನು ಬಟ್ಟಲಿನ ಮೇಲೆ ಹಿಡಿದು, ತೊಳೆಯ ಎರಡೂ ಬದಿಯ ಗೆರೆಗಳ ಒಳಮಗ್ಗುಲಿಗೆ ಒಂದೊಂದು ಸಲ, ಹಣ್ಣಿನ ನಡುವಿನ ತನಕ ಕೊಯ್ಯಿರಿ. ತೊಳೆ ತಾನಾಗಿ ಜಾರಿ ಬೀಳುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವ ಪೊರೆಗಳ ಗೊಂಚಲನ್ನು ಎಸೆಯುವ ಮೊದಲು ಹಿಂಡಿ. ಡ್ರೆಸ್ಸಿಂಗ್‌ಗೆ ಬೇಕಾದ ಎರಡು ಚಮಚ ರಸ ಅದರಲ್ಲೇ ಸಿಗುತ್ತದೆ.

ಬಿಡಿಸಿದ ತೊಳೆಗಳನ್ನು ಜಾಲರಿಯಲ್ಲಿಟ್ಟು ರಸ ಬಸಿಯಲು ಬಿಡಿ. ಬಟ್ಟಲಿನ ತಳದಲ್ಲಿ ನೀರು ನಿಲ್ಲದಿರಲು ಇದೂ ಮುಖ್ಯ.

ಹಿಂಡಿದ ರಸವನ್ನು ತುಂಬಾ ಹೊತ್ತು ಇಡಬೇಡಿ. ಕೆಲವು ಕಿತ್ತಳೆಗಳ ರಸ, ಅದರಲ್ಲೂ ತುದಿಯಲ್ಲಿ ಹೊಕ್ಕುಳಿನಂತಿರುವ ನೇವಲ್ ಜಾತಿಯದ್ದು, ಹಿಂಡಿದಾಗ ಸಿಹಿಯಾಗೇ ಇರುತ್ತದೆ. ನಿಂತಂತೆ ಅದರಲ್ಲಿ ಲಿಮೊನಿನ್ ಎಂಬ ಕಹಿ ಅಂಶ ಹುಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಡ್ರೆಸ್ಸಿಂಗ್ ಸಂಜೆಗೆ ಕಹಿಯಾಯಿತು ಅಂದರೆ ಸಾಮಾನ್ಯವಾಗಿ ಇದೇ ಕಾರಣ.

ಪ್ರಶ್ನೆ: ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಲಾಡ್‌ಗೆ ಗ್ರೇಪ್‌ಫ್ರೂಟ್ ಹಾಕಬಾರದು ಅಂತಾರೆ. ಮಾತ್ರೆ ರಾತ್ರಿ, ಹಣ್ಣು ಬೆಳಿಗ್ಗೆ ಅಂದರೆ ಪರವಾಗಿಲ್ವಾ?

ಉತ್ತರ: ಹೊತ್ತು ಬದಲಿಸಿದರೆ ಸಾಲದು. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರನೊಕೌಮರಿನ್ ಎಂಬ ಅಂಶಗಳು ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನೇ ಕೆಡಿಸುತ್ತವೆ. ಕಿಣ್ವ ಮತ್ತೆ ಹೊಸದಾಗಿ ತಯಾರಾಗಬೇಕು, ಅದಕ್ಕೆ ಒಂದು ದಿನಕ್ಕಿಂತ ಜಾಸ್ತಿಯೇ ಹಿಡಿಯಬಹುದು. ಅಷ್ಟರಲ್ಲಿ ನುಂಗಿದ ಮಾತ್ರೆ ರಕ್ತಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸೇರುತ್ತದೆ. ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೊಡಿಪಿನ್, ಅಂಗಾಂಗ ಕಸಿ ಆದವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್ ಇವೆಲ್ಲ ಈ ಪಟ್ಟಿಯಲ್ಲಿವೆ. ಎಲ್ಲ ಕೊಲೆಸ್ಟ್ರಾಲ್ ಮಾತ್ರೆಗಳಿಗೂ ಇದು ಅನ್ವಯಿಸುವುದಿಲ್ಲ. ನಿಮ್ಮ ಮಾತ್ರೆಯ ಹೆಸರು ಹೇಳಿ ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಹಣ್ಣಿನ ಆಸೆಗೆ ಮಾತ್ರೆ ತಪ್ಪಿಸುವುದಂತೂ ಬೇಡವೇ ಬೇಡ.

ಚಕ್ಕೋತಕ್ಕೂ ಇದೇ ಎಚ್ಚರಿಕೆ. ಮಾಮೂಲಿ ಸಿಹಿ ಕಿತ್ತಳೆಯಲ್ಲಿ ಈ ತೊಂದರೆ ಇಲ್ಲ. ಮನೆಗೆ ಬಂದವರಿಗೆ ಬಡಿಸುವಾಗ ಗ್ರೇಪ್‌ಫ್ರೂಟ್ ಹಾಕಿದ್ದರೆ ಬಾಯಿ ಬಿಟ್ಟು ಹೇಳಿಬಿಡಿ. ಯಾರು ಯಾವ ಮಾತ್ರೆಯಲ್ಲಿದ್ದಾರೋ ನಮಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಕಿವಿ ಹಣ್ಣು ಹಾಕಿದ ಸಲಾಡ್‌ಗೆ ಮೊಸರು ಕಲಸಿಟ್ಟೆ. ಒಂದು ಗಂಟೆಗೆ ಕಹಿ ಕಹಿ. ಮೊಸರು ಕೆಟ್ಟಿತ್ತಾ?

ಉತ್ತರ: ಇಲ್ಲ, ಮೊಸರು ಸರಿಯಾಗೇ ಇತ್ತು. ಕಿವಿಯಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳು ಕಹಿ. ಹಸಿ ಅನಾನಸ್, ಪಪ್ಪಾಯ ಕೂಡ ಹೀಗೇ. ಮೊಸರನ್ನು ಬೇರೆ ಬಟ್ಟಲಿನಲ್ಲಿಡಿ, ತಿನ್ನುವಾಗ ಹಾಕಿಕೊಳ್ಳಿ. ಸುಮ್ನೆ ಮೊಸರಿನ ಮೇಲೆ ಅನುಮಾನ ಬೇಡ.

ಪ್ರಶ್ನೆ: ನಾಳೆ ಮಧ್ಯಾಹ್ನ ಇಪ್ಪತ್ತು ಜನರಿಗೆ ಬೇಕು. ಇವತ್ತು ರಾತ್ರಿಯೇ ಎಷ್ಟು ಕೆಲಸ ಮುಗಿಸಿಡಬಹುದು?

ಉತ್ತರ: ಅರ್ಧಕ್ಕಿಂತ ಜಾಸ್ತಿ. ದಾಳಿಂಬೆ ಬಿಡಿಸಿಡಿ. ನೀರು ತುಂಬಿದ ಪಾತ್ರೆಯೊಳಗೆ ಬಿಡಿಸಿದರೆ ಕಾಳು ತಳಕ್ಕಿಳಿಯುತ್ತದೆ, ಬಿಳಿ ಸಿಪ್ಪೆ ಮೇಲೆ ತೇಲುತ್ತದೆ, ಬಟ್ಟೆಗೂ ಕಲೆಯಾಗುವುದಿಲ್ಲ. ಆದರೆ ಕಾಳನ್ನು ಬಟ್ಟೆಯ ಮೇಲೆ ಹರಡಿ ಒಣಗಿಸಿಯೇ ಡಬ್ಬಿಗೆ ಹಾಕಿ. ಕಿತ್ತಳೆ ತೊಳೆಗಳನ್ನು ಇನ್ನೊಂದು ಡಬ್ಬಿಯಲ್ಲಿ ಇಡಿ. ಜೇನು ಮತ್ತು ತುರಿಯನ್ನು ತಿಕ್ಕಿ ಮುಚ್ಚಿಡಿ, ರಸ ಮಾತ್ರ ನಾಳೆ ಹಿಂಡಿ. ಎಲ್ಲವೂ ಫ್ರಿಜ್‌ನಲ್ಲಿ, 5 ಡಿಗ್ರಿಗಿಂತ ಕೆಳಗೆ.

ಸೇಬು, ಪಿಯರ್ ಬಡಿಸುವ ಒಂದು ಗಂಟೆ ಮುಂಚೆ ನಿಂಬೆಗೆ ಬೀಳಲಿ. ಕಿವಿ ಅದರ ನಂತರ. ಬಾಳೆಹಣ್ಣು ಹಾಕಲೇಬೇಕಾದರೆ ಬಡಿಸುವ ಸೌಟು ಕೈಯಲ್ಲಿದ್ದಾಗ. ಪುದೀನ ಎಲೆಯನ್ನು ಕೊಚ್ಚಿದರೆ ಅಂಚು ಕಪ್ಪಾಗುತ್ತದೆ, ಕೈಯಲ್ಲಿ ಹರಿದು ಕೊನೆಗೆ ಉದುರಿಸಿ. ದಾಳಿಂಬೆಯನ್ನೂ ಕಲಸಬೇಡಿ, ಮೇಲಿನಿಂದ ಚೆಲ್ಲಿ. ಇಲ್ಲವಾದರೆ ಒಡೆದ ಕಾಳಿನ ರಸಕ್ಕೆ ಪಿಯರ್ ಎಲ್ಲ ಗುಲಾಬಿಯಾಗುತ್ತದೆ. ಬಡಿಸುವ ಕಾಲು ಗಂಟೆ ಮುಂಚೆ ಬಟ್ಟಲನ್ನು ಫ್ರಿಜ್‌ನಿಂದ ಹೊರಗಿಡಿ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿಯೂ ಘಮವೂ ಮಂಕಾಗಿ ತಿಳಿಯುತ್ತವೆ. ಹಾಗಂತ ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು.

ಇಪ್ಪತ್ತು ಜನರಲ್ಲಿ ಚಿಕ್ಕ ಮಕ್ಕಳೂ ಇದ್ದರೆ ಎರಡು ವಿಷಯ ನೆನಪಿರಲಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ಹನಿಯೂ ಕೊಡಬಾರದು, ಅದರಲ್ಲಿ ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಆ ಮಗುವಿನ ಪಾಲನ್ನು ಡ್ರೆಸ್ಸಿಂಗ್ ಹಾಕುವ ಮೊದಲೇ ತೆಗೆದಿಡಿ, ಹೋಳು ಮೆತ್ತಗಿರಲಿ. ಇನ್ನೊಂದು ದ್ರಾಕ್ಷಿ. ಐದು ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಕೊಯ್ದರೆ ಗುಂಡಗೇ ಉಳಿಯುತ್ತದೆ, ಅದರಿಂದ ಪ್ರಯೋಜನವಿಲ್ಲ.